ಸಂಡೂರು ದಾರಿಯ ರತ್ನತ್ತೆ

ರತ್ನತ್ತೆ ಕೂತು ಪ್ರಾರ್ಥನೆ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಚಾಪೆಯ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿದರೆ, ಅವಳು ಹಿಂಬಾಗಿಲ ಆಚೆ ಬೇವಿನ ಮರದ ಕೆಳಗೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ತುಟಿ ಮಾತ್ರ ಅಲ್ಲಾಡುತ್ತಲೇ ಇರುವುದು. ಅವಳ ದೇವರು ಎಲ್ಲೋ ನಾಲ್ಕು ಹೆಜ್ಜೆ ಮುಂದೆ ಹೊರಟು ಹೋಗುತ್ತಿದ್ದಾನೆ, ಇವಳು ಬೆನ್ನು ಹತ್ತಿ ಜಗಳ ತೆಗೆದಿದ್ದಾಳೆ ಅನ್ನಿಸುತ್ತಿತ್ತು. "ಅತ್ತೆ, ಒಳಗ ಬಂದು ಕುಂದ್ರಬಾರದಾ?" ಎಂದು ಒಮ್ಮೆ ಕೇಳಿದ್ದೆ. "ಕುಂತ್ರ ನಂಗ ಸಿಟ್ಟು ಬರ್ತತಿ. ನಡದ್ರ ಮಾತು ಬರ್ತತಿ" ಎಂದಿದ್ದಳು.

ಪೂರ್ತಿ ಹೆಸರು ಜೀವರತ್ನಮ್ಮ. ನಮ್ಮಪ್ಪನ ಅಕ್ಕ. ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅಜ್ಜಿ ತೀರಿಕೊಂಡಳಂತೆ. ಅಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು. "ಸುಂದ್ರ ನನ್ನ ತಮ್ಮ ಅಲ್ಲ, ನನ್ನ ಮೊದ್ಲನೇ ಮಗ" ಎಂದು ಚರ್ಚಿನ ಸಭೆಯ ಹೆಂಗಸರ ಮುಂದೆ ಹೇಳಿಕೊಳ್ಳುತ್ತಿದ್ದಳು. ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು, ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ ಡ್ಯಾನಿಯನ್ನು ಕಟ್ಟಿಕೊಂಡು ನಮ್ಮ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದಳು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ತಗಡಿನ ಸೂರಿನ ಕೆಳಗೆ ಒಂದು ಮೆಸ್ಸು ನಡೆಸುತ್ತಿದ್ದಳು.

ಕಬ್ಬಿಣದ ಅದಿರಿನ ಕಾಲ ಅದು. ಹಗಲು ರಾತ್ರಿಯೆನ್ನದೆ ಲಾರಿಗಳು ಒಂದರ ಬಾಲ ಒಂದು ಕಚ್ಚಿಕೊಂಡು ಹೋಗುತ್ತಿದ್ದವು. ರಸ್ತೆಯ ಎರಡೂ ಕಡೆ ಬೇವು, ಜಾಲಿ, ಮನೆಗಳ ಗೋಡೆ, ಒಣಗಲು ಹಾಕಿದ ಬಟ್ಟೆ, ಎಲ್ಲವೂ ಅದಿರಿನ ಧೂಳಿಗೆ ಕೆಂಪು. ಅತ್ತೆ ಪ್ರತಿ ಪಾತ್ರೆಗೂ ಮುಚ್ಚಳ, ಮುಚ್ಚಳದ ಮೇಲೊಂದು ಒದ್ದೆ ಬಟ್ಟೆ ಹಾಕಿಡುತ್ತಿದ್ದಳು. ಆಂಧ್ರದವರು, ಬಿಹಾರದವರು, ತಮಿಳರು, ಯಾವ ಭಾಷೆಯ ಡ್ರೈವರು ಬಂದರೂ ಅವಳ ಮಾತು ಒಂದೇ: "ಬರ್ರಿ, ಕುಂದ್ರಿ, ಕೈ ತೊಳಕಳ್ರಿ." ಸಾರು ತಿರುವುತ್ತ ದೇವರೊಂದಿಗೆ ಜೋರಾಗಿಯೇ ಮಾತಾಡುವಳು. "ಕೇಳಾಕತ್ತೀ ಏನಪ್ಪಾ? ಕೇಳಿಸಿದ್ರ ಹೂಂ ಅನ್ನು" ಎನ್ನುವಳು. ಹೊಸದಾಗಿ ಬಂದವರು ಇವಳು ಯಾರಿಗೋ ಫೋನು ಮಾಡುತ್ತಿದ್ದಾಳೆ ಎಂದುಕೊಂಡು ಸುಮ್ಮನೆ ಕಾಯುತ್ತಿದ್ದರು.

ಅಪ್ಪನೂ ಲಾರಿ ಡ್ರೈವರೇ. ಹೆಚ್ಚು ಟ್ರಿಪ್ಪು ಹೊಡೆದವನೇ ಗಂಡಸು ಎನ್ನುವ ಹುಚ್ಚು ಆಗ ಎಲ್ಲರ ತಲೆಗೂ ಏರಿತ್ತು. ನಿದ್ದೆಗೆಟ್ಟು ಕೆಂಡದಂಥ ಕಣ್ಣು ಮಾಡಿಕೊಂಡು ಮನೆಗೆ ಬರುವನು, ಉಂಡು ಮತ್ತೆ ಹೊರಡುವನು. ಡ್ಯಾನಿಗೆ ಕಾಲೇಜಿಗೆ ರಜೆ ಇದ್ದ ಒಂದು ದಿನ ಅತ್ತೆಯೇ ಅವನನ್ನು ಅಪ್ಪನ ಲಾರಿಗೆ ಹತ್ತಿಸಿದಳು. "ಮಾಮನ ಜೋಡಿ ಹೋಗು. ಅವ ನಿದ್ದಿಗಣ್ಣಾಗ ಅದಾನ. ಮಾತಾಡ್ಕೋತ ಇರು, ಕಣ್ಣು ಮುಚ್ಚಾಕ ಬಿಡಬ್ಯಾಡ." ಆ ಮಾತು ನಮ್ಮ ಮನೆಯ ಅಂಗಳಕ್ಕೂ ಕೇಳಿಸಿತ್ತು.

ಮರುದಿನ ನಸುಕಿನಲ್ಲಿ, ಸಂಡೂರಿನ ಘಟ್ಟ ಇಳಿಯುವ ಒಂದು ತಿರುವಿನಲ್ಲಿ ಅಪ್ಪ ನಿದ್ದೆಗೆ ಜಾರಿದ. ಲಾರಿ ಗುಡ್ಡದ ಬಂಡೆಗೆ ಬಡಿದು ಎಡಕ್ಕೆ ಮಗುಚಿತು. ಬಲಗಡೆ ಕೂತಿದ್ದ ಅಪ್ಪನಿಗೆ ಕೈ ಮುರಿಯಿತು, ಅಷ್ಟೇ. ಡ್ಯಾನಿ ಉಳಿಯಲಿಲ್ಲ.

ಮಣ್ಣಾದ ಮೇಲೆ ಅತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅತ್ತಳೇ ಎಂದರೆ ನಾನು ನೋಡಿದಂತೆ ಅಳಲೂ ಇಲ್ಲ. ನಡೆದಳು. ಬೆಳಗಾದರೆ ಕಾಲುವೆ ದಂಡೆಯ ಮೇಲೆ, ಸಂಜೆಯಾದರೆ ಲಾರಿಗಳ ಸಾಲಿನ ಪಕ್ಕ. ಮೆಸ್ಸಿನಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ಊಟಕ್ಕೆ ಬಂದ ಪ್ರತಿ ಡ್ರೈವರಿನ ಮುಖವನ್ನು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡುವಳು. ಕಣ್ಣು ಕೆಂಪಗಿದ್ದರೆ ಅನ್ನಕ್ಕೆ ಮೊದಲು ಕೈ ಚಾಚುವಳು. "ಕೀ ಕೊಡು." ಕೊಡದಿದ್ದರೆ ತಟ್ಟೆ ಇಲ್ಲ. ಕೊಟ್ಟ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ತಗಡಿನ ಕೋಣೆಯಲ್ಲಿ ಮಲಗಲು ಹೊರಸು ತೋರಿಸುವಳು. ಮೈ ಮೇಲೆ ಏರಿ ಬಂದ ಡ್ರೈವರುಗಳೂ ಇದ್ದರು, ಬಯ್ದು ಹೋದವರೂ ಇದ್ದರು. ಒಮ್ಮೆ ಯಾವುದೋ ಸೂಪರ್‌ವೈಸರು ಫೋನಿನಲ್ಲಿ ಕೂಗಾಡಿದ್ದಕ್ಕೆ ಅತ್ತೆ ಫೋನು ಇಸಿದುಕೊಂಡು, "ಗಾಡಿ ಎಲ್ಲೂ ಹೋಗಿಲ್ರಿ. ಕೀ ನನ್ನ ಹತ್ರ ಐತಿ. ಮನುಷ್ಯಾ ಮಲ್ಕೊಂಡಾನ. ಎದ್ದಮ್ಯಾಲ ಮಾಡ್ರಿ" ಎಂದು ಕಟ್ ಮಾಡಿದ್ದಳು.

ಈ ಸುದ್ದಿಯನ್ನು ನಾನೇ ಅಪ್ಪನಿಗೆ ಹೇಳಿದೆ. ಅವನು, "ಅಕ್ಕ ಎಲ್ಲಾರ್ನೂ ಮಲಗಿಸ್ತಾಳ" ಎಂದ. ಅಪ್ಪನಿಗಂತೂ ನಿದ್ದೆಯೇ ಹೊರಟು ಹೋಗಿತ್ತು. ಕೇಸು ಮುಗಿದು ಲೈಸೆನ್ಸು ವಾಪಸು ಬಂದರೂ ಅವನು ಸ್ಟಿಯರಿಂಗ್ ಮುಟ್ಟಲಿಲ್ಲ. ಸರ್ವಿಸ್ ಸ್ಟೇಷನ್ನಿನಲ್ಲಿ ಬೇರೆಯವರ ಲಾರಿ ತೊಳೆಯುವ ಕೆಲಸಕ್ಕೆ ಸೇರಿದ.

ನಮ್ಮ ಸಭೆಯ ಪಾದ್ರಿ ಅಯ್ಯನವರು ಒಳ್ಳೆಯ ಮನುಷ್ಯ. ಒಂದೇ ಕುಟುಂಬ ಹೀಗೆ ಎರಡಾಗಿರುವುದು ಅವರಿಗೆ ಸಹಿಸಲಾಗಲಿಲ್ಲ. ಶುಭ ಶುಕ್ರವಾರದ ಆರಾಧನೆ ಮುಗಿದಾಗ ಅತ್ತೆಯನ್ನು ಹೊರಗಿನಿಂದ ಕರೆಸಿ, ಅಪ್ಪನನ್ನೂ ಮುಂದೆ ಕರೆದು, ಇಬ್ಬರ ಕೈಯನ್ನೂ ಹಿಡಿದು ಒಂದರ ಮೇಲೊಂದು ಇಟ್ಟರು. "ಸ್ವಾಮಿ ನಮ್ಮನ್ನ ಕ್ಷಮಿಸಿದ ದಿನ ಇದು. ತಂಗೀ, ನೀನೂ ಒಂದು ಮಾತು ಹೇಳು" ಎಂದರು. ಅಪ್ಪ ತಲೆ ತಗ್ಗಿಸಿ ಬಿಕ್ಕಿದ. ಹೆಂಗಸರೆಲ್ಲ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ನನಗೂ ಅಳು ಬಂತು. ಇಷ್ಟು ದಿನದ್ದು ಇನ್ನು ಮುಗಿಯಿತು ಅಂದುಕೊಂಡೆ.

ರತ್ನತ್ತೆ ಕೈ ಬಿಡಿಸಿಕೊಂಡಳು. "ಅಯ್ಯನವರ, ನೀವು ಭಾಳ ಜಲ್ದಿ ಮಾಡ್ತೀರಿ" ಎಂದಳು. ದನಿ ಏರಿಸಿರಲಿಲ್ಲ, ಆದರೂ ಕೊನೆಯ ಸಾಲಿನವರೆಗೂ ಕೇಳಿಸಿತು. "ಹೇಳಂದ್ರ ಹೇಳ್ತೀನಿ. ಆದ್ರ ದೇವರ ಮನ್ಯಾಗ ನಿಂತು ಸುಳ್ಳು ಹೇಳಿದಂಗಾಗ್ತತಿ." ಚಪ್ಪಲಿ ಮೆಟ್ಟಿ ಹೊರಟೇ ಹೋದಳು.

ಅಂದಿನಿಂದ ಸಭೆಯಲ್ಲಿ ಅವಳ ಹೆಸರು ಕೆಟ್ಟಿತು. ವಿಶ್ವಾಸ ತಪ್ಪಿದವಳು, ಕಲ್ಲು ಮನಸ್ಸಿನವಳು ಎಂದು ಬಾಯಿಗೆ ಬಂದದ್ದು ಆಡಿದರು. ನನಗೂ ಸಿಟ್ಟು ಬಂದಿತ್ತು. ಮೆಸ್ಸಿಗೆ ಹೋಗಿ ಕೇಳಿಯೇಬಿಟ್ಟೆ: "ಅತ್ತೆ, ಅಪ್ಪ ಅಷ್ಟು ಬಿಕ್ಕಿದ, ಒಂದ್ಸಲ ಕ್ಷಮಿಸೀನಿ ಅಂದ್ರ ಏನಾಗ್ತಿತ್ತು?"

ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಾ ಕ್ಷಮಿಸಿಲ್ಲ ಅಂತ ನಿನಗ ಯಾರು ಹೇಳಿದ್ರು? ದಿನಾ ನಡಕೋತ ನಡಕೋತ ಕ್ಷಮಿಸ್ತೀನವ್ವಾ. ಮಧ್ಯಾಹ್ನದ ತನಕ ಚಲೋ ಇರ್ತತಿ. ಆಮ್ಯಾಲ ಅವನ ವಯಸ್ಸಿನ ಯಾವನರ ಒಬ್ಬ ಹುಡುಗ ಬಂದು 'ಅಮ್ಮಾ, ಇನ್ನೊಂಚೂರು ಸಾರು' ಅಂತಾನ. ಅಷ್ಟಕ್ಕ ಎಲ್ಲಾ ಹಳಸಿ ಹೋಗ್ತತಿ. ಮತ್ತ ಮರುದಿನ ಒಲಿ ಹಚ್ಚಬೇಕು." ಮುಂಗೈಯಿಂದ ಹಣೆ ಒರೆಸಿಕೊಂಡಳು. "ಇದನ್ನ ಅಯ್ಯನವರ ಮುಂದ ಹೆಂಗ ಹೇಳ್ಲಿ? ಅವ್ರಿಗೆ ಒಂದಾ ಸಲಕ್ಕ ಮುಗೀಬೇಕು."

ಇದಾಗಿ ಎರಡು ಬೇಸಿಗೆ ಕಳೆದಿರಬೇಕು. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಮನೆಯ ಮುಂದೆ ಜೀಪೊಂದು ಬಂದು ನಿಂತಿತು. ಅತ್ತೆ ಮೆಸ್ಸಿಗೆ ಬರುವ ಗಿರಾಕಿಯೊಬ್ಬನಿಂದ ಅದನ್ನು ಕೇಳಿ ತರಿಸಿದ್ದಳು. ಅವನು ಕೀಲಿ ಕೊಟ್ಟು ಹೊರಟುಹೋದ. ಅತ್ತೆ ಅಂಗಳದಲ್ಲೇ ನಿಂತು ಕೂಗಿದಳು, "ಸುಂದ್ರಾ! ಹೊರಗ ಬಾ."

ಅಷ್ಟು ದಿನದ ಮೇಲೆ ಅಕ್ಕನ ಬಾಯಲ್ಲಿ ತನ್ನ ಹೆಸರು ಕೇಳಿ ಅಪ್ಪ ಬರಿಗಾಲಲ್ಲೇ ಓಡಿ ಬಂದ. ಅವಳು ಕೀಲಿ ಚಾಚಿದಳು. "ಸಂಡೂರಿಗೆ ಹೋಗಬೇಕು ನಾನು. ನೀನಾ ಓಡ್ಸು."

"ಅಕ್ಕಾ, ನನ್ನ ಕೈಲಿ ಆಗಂಗಿಲ್ಲ."

"ನನ್ನ ಕೈಲಿ ಆಗ್ತತಂತ ಮಾಡೀ ಏನು? ಹತ್ತು."

ಅಮ್ಮ ನನ್ನನ್ನು ಹಿಂದಿನ ಸೀಟಿಗೆ ತಳ್ಳಿದಳು. ಅತ್ತೆ ಮುಂದೆ, ಅಪ್ಪನ ಎಡಗಡೆ ಕೂತಳು. ಜೀಪು ಊರು ದಾಟಿತು. ಎದುರಿನಿಂದ ಅದಿರು ಲಾರಿ ಬಂದಾಗಲೆಲ್ಲ ಅಪ್ಪ ರಸ್ತೆ ಬಿಟ್ಟು ಇಳಿಸಿ ನಿಲ್ಲಿಸಿಬಿಡುತ್ತಿದ್ದ. ಹಿಂದಿನವರು ಹಾರನ್ ಹೊಡೆದು ಬಯ್ಯುತ್ತಿದ್ದರು. ಅತ್ತೆಯ ಬಲಗಾಲು ನೆಲಕ್ಕೆ ತಾಳ ಹಾಕುತ್ತಲೇ ಇತ್ತು. ಘಟ್ಟ ಹತ್ತಿದೆವು. ಆ ತಿರುವು ಬಂತು. ಅಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಬಂಡೆಯ ಮೇಲೆ ಅದಿರಿನ ಧೂಳು ಬಿಟ್ಟರೆ ಬೇರೆ ಗುರುತಿರಲಿಲ್ಲ.

"ಇಲ್ಲೇನಾ?" ಎಂದಳು.

ಅಪ್ಪ ತಲೆಯಾಡಿಸಿದ.

"ಕಡೀಕ ಏನಂದ ನನ್ನ ಮಗ?"

ಯಾರೂ ಕೇಳಿರದಿದ್ದ ಪ್ರಶ್ನೆ ಅದು. ಪೊಲೀಸರೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ. ಅಪ್ಪ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಹೇಳಿದ: "ಏನೂ ಅನ್ಲಿಲ್ಲಕ್ಕಾ. ಮಲ್ಕೊಂಡಿದ್ದ. ರಾತ್ರಿಯೆಲ್ಲಾ ಮಾತಾಡಿ ಮಾತಾಡಿ ಅವನ ದನಿ ಬಿದ್ದಿತ್ತು. 'ಮಾಮಾ, ಅವ್ವ ಮಲಗಬ್ಯಾಡ ಅಂದಾಳ' ಅಂತ ಕಣ್ಣು ತಿಕ್ಕೋತಿದ್ದ. ನಾನಾ ಬೈದು ಮಲಗಿಸಿದೆ. ನನ್ನ ಭುಜಕ್ಕ ತಲಿ ಇಟ್ಕೊಂಡು ಮಲಗಿದ್ದ. ಅವನಿಗೆ ಏನೂ ಗೊತ್ತಾಗ್ಲಿಲ್ಲ."

ರತ್ನತ್ತೆ ಅಪ್ಪನ ಬೆನ್ನಿಗೆ ಗುದ್ದಿದಳು. ಒಂದಲ್ಲ, ಕೈ ಸೋಲುವವರೆಗೂ ಗುದ್ದಿದಳು. ಅಪ್ಪ ತಪ್ಪಿಸಿಕೊಳ್ಳಲಿಲ್ಲ. ಹಿಂದಿನಿಂದ ನಾನು ಅವಳ ತೋಳು ಹಿಡಿಯಲು ಹೋದೆ, ಕೊಡವಿಕೊಂಡಳು. "ಕಳಿಸಿದಾಕಿ ನಾನು" ಎಂದಳು. "ನೀ ಬಾ ಅಂದಿದ್ದಿಲ್ಲ. ನಾ ಹತ್ತಿಸಿ ಕಳಿಸ್ದೆ. ನಿನ್ನ ಬೈದು ಬೈದು ಅದನ್ನ ಮುಚ್ಚಿಟ್ಕೊಂಡೀನಿ. ನಿನ್ನ ಬಿಟ್ಟುಬಿಟ್ರ ಬೈಯಾಕ ನನಗ ನಾನಾ ಸಿಗ್ತೀನಿ, ಸುಂದ್ರಾ." ಆಗ ಅತ್ತಳು. ಲಾರಿಗಳು ನಮ್ಮ ಪಕ್ಕದಲ್ಲೇ ನೆಲ ನಡುಗಿಸುತ್ತ ಇಳಿದು ಹೋಗುತ್ತಿದ್ದವು. ಕೆಂಪು ಧೂಳು ಒಳಗೆ ಬಂದು ಮೂವರ ಮುಖಕ್ಕೂ ಮೆತ್ತಿಕೊಂಡಿತು. ಸಾಕಷ್ಟು ಹೊತ್ತಾದ ಮೇಲೆ ಮುಖ ಒರೆಸಿಕೊಂಡು, "ನಡಿ ಮುಂದ" ಎಂದಳು.

ಸಂಡೂರಿನ ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮಿರ್ಚಿ ತಿಂದೆವು. ಅತ್ತೆ ತನ್ನ ಪಾಲಿನ ಮಿರ್ಚಿಯೊಂದನ್ನು ಅಪ್ಪನ ಕಾಗದಕ್ಕೆ ಹಾಕಿದಳು. ನನಗೆ ಎದೆ ಹಗುರಾಯಿತು. ವಾಪಸು ಹೊರಡಲು ಅಪ್ಪ ಜೀಪಿನ ಬಾಗಿಲು ತೆಗೆದು ಹಿಡಿದ. ಅವಳು ಹತ್ತಲಿಲ್ಲ.

"ಬರೂದಷ್ಟು ಆತು ನನ್ನ ಕೈಲಿ. ಹೋಗೂದು ಆಗಂಗಿಲ್ಲ. ನಾ ಬಸ್ಸಿಗೆ ಬರ್ತೀನಿ, ನೀವು ನಡೀರಿ."

ಅಪ್ಪ ಒತ್ತಾಯ ಮಾಡಲಿಲ್ಲ. ಬೇಕಂತಲೇ ಜೀಪನ್ನು ನಿಧಾನವಾಗಿ ಓಡಿಸಿ, ಅವಳ ಬಸ್ಸು ನಮ್ಮನ್ನು ದಾಟಿ ಮುಂದೆ ಹೋದ ಮೇಲೆ ಅದರ ಹಿಂದೆ ಹಿಂದೆಯೇ ಬಂದ.

ಅಲ್ಲಿಂದ ಅವರಿಬ್ಬರ ನಡುವೆ ಮಾತು ಹುಟ್ಟಿತು. ಆದರೆ ನೆಟ್ಟಗೆ ಹುಟ್ಟಲಿಲ್ಲ. ಒಂದು ದಿನ ಮೆಸ್ಸಿನಿಂದ ಅಪ್ಪನಿಗೆಂದು ಪಲ್ಯ ಕಳಿಸುವಳು. ಮರುದಿನ ಅವನು ಎದುರಾದರೆ ರಸ್ತೆಯ ಆ ಬದಿಗೆ ದಾಟುವಳು. ಒಂದು ಕ್ರಿಸ್‌ಮಸ್‌ಗೆ ನಮ್ಮಲ್ಲೇ ಉಂಡಳು, ಮುಂದಿನದಕ್ಕೆ ಬಾಗಿಲು ಹಾಕಿಕೊಂಡಳು. ಅಮ್ಮನಿಗೆ ಇದು ಬೇಸರ ತರಿಸುತ್ತಿತ್ತು. ಅಪ್ಪ ಮಾತ್ರ ದಿನವೂ ಕೆಲಸಕ್ಕೆ ಹೋಗುವಾಗ ಮೆಸ್ಸಿನ ಮುಂದೆ ಸೈಕಲ್ ನಿಧಾನ ಮಾಡುತ್ತಿದ್ದ. "ಚಾ ಕುಡದು ಹೋಗು" ಎಂದರೆ ಇಳಿಯುವುದು, ಅವಳು ತಲೆ ಎತ್ತದಿದ್ದರೆ ಮುಂದಕ್ಕೆ ಹೋಗುವುದು.

ಆಮೇಲೆ ಗಣಿಗಳು ನಿಂತವು. ರಸ್ತೆ ಖಾಲಿಯಾಯಿತು, ಮೆಸ್ಸು ಮುಚ್ಚಿತು. ನಡೆದು ನಡೆದು ಗಟ್ಟಿಯಾಗಿದ್ದ ಅತ್ತೆಯ ಕಾಲುಗಳಲ್ಲಿ ನೀರು ತುಂಬತೊಡಗಿತು, ಕಿಡ್ನಿ ಎಂದರು. ಆಸ್ಪತ್ರೆಯ ಮಂಚದಲ್ಲಿ ಮಲಗಿದರೂ ಅವಳ ಪಾದಗಳು ಹೊದಿಕೆಯೊಳಗೆ ಅಲ್ಲಾಡುತ್ತಲೇ ಇದ್ದವು. ಹಗಲೆಲ್ಲ ನಾನು ಜೊತೆಗಿರುತ್ತಿದ್ದೆ, ಸಂಜೆ ಅಪ್ಪ ಗಂಜಿ ತರುತ್ತಿದ್ದ. ಕೆಲವು ದಿನ ಅವನ ಕೈಯಿಂದಲೇ ಕುಡಿಯುವಳು. ಕೆಲವು ದಿನ ಗೋಡೆಗೆ ಮುಖ ತಿರುಗಿಸುವಳು. ಆಗ ಅಪ್ಪ ಗಂಜಿಯನ್ನು ನನ್ನ ಕೈಗೆ ಕೊಟ್ಟು, ಹೊರಗೆ ವರಾಂಡದಲ್ಲಿ ಕೂರುವನು.

ಕೊನೆಯ ಸಂಜೆ ಅವನು ಬಂದಾಗ ಅವಳಿಗೆ ತುಂಬ ಸುಸ್ತಾಗಿತ್ತು. ಬಾಗಿಲಲ್ಲಿ ಅವನನ್ನು ನೋಡಿ ಕೈಯೆತ್ತಿ ತಡೆದಳು. "ಇವತ್ತು ಬ್ಯಾಡ ಸುಂದ್ರಾ. ಇವತ್ತು ಆಗವಲ್ದು" ಎಂದಳು. ಅವನು ತಿರುಗಿ ಹೊರಟ. ಅವಳು ನನ್ನ ಕಡೆ ನೋಡಿದಳು, ಮತ್ತೆ ಅವನ ಬೆನ್ನಿನ ಕಡೆ ನೋಡಿದಳು. "ಮುಂಜಾನೆ ಬಾ" ಎಂದಳು. ಅಪ್ಪ ಅಲ್ಲಿಂದಲೇ "ಹೂಂ ಅಕ್ಕಾ" ಅಂದ.

ಬೆಳಗಾಗುವುದರೊಳಗೆ ಅವಳು ತೀರಿಹೋದಳು.

ಮಣ್ಣಿಗೆ ಸಭೆಯವರೆಲ್ಲ ಬಂದಿದ್ದರು. ಅವಳ ಹೆಸರು ಕೆಡಿಸಿದವರೂ ಬಂದಿದ್ದರು, ಮೂಲೆಯಲ್ಲಿ ನಾಲ್ಕಾರು ಹಳೆಯ ಡ್ರೈವರುಗಳೂ ಇದ್ದರು. ಅಯ್ಯನವರು ಪ್ರಾರ್ಥನೆ ಮುಗಿಸಿ, ಮನೆಯವರು ಯಾರಾದರೂ ಒಂದು ಮಾತು ಹೇಳಬೇಕೆಂದರು. ಅಪ್ಪ ಮುಂದೆ ಬಂದ. ಜನರ ಕಡೆ ತಿರುಗಲಿಲ್ಲ. ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಹಿಡಿ ಮಣ್ಣು ತೆಗೆದುಕೊಂಡು, ಪಕ್ಕದ ಕೋಣೆಯಲ್ಲಿರುವವರನ್ನು ಮಾತಾಡಿಸುವ ಹಾಗೆ ಹೇಳಿದ:

"ಅಕ್ಕಾ, ಮುಂಜಾನೆ ಬಾ ಅಂದಿದ್ದಿ. ಬಂದೀನಿ."