ಹತ್ತನೆಯ ಚುಕ್ಕಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹತ್ತನೆಯ ಚುಕ್ಕಿ ಇಟ್ಟ ಕತ್ತೆ ನಾನೇ. ಎಕ್ಸ್‌ರೇ ಆಂಟಿಯ ಬಲಗೈ ಹೆಬ್ಬೆರಳಿನ ತುದಿ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿತ್ತು. ಒಂದು ಆಟದ ಬಟನ್ ಒತ್ತಿ ಒತ್ತಿ ಮೂವತ್ತು ವರ್ಷದಲ್ಲಿ ಅಂಥ ಬೆರಳು ಮಾಡಿಕೊಂಡವರ ಹತ್ತಿರ ಹುಡುಗಾಟ ಆಡಬಾರದು ಎಂದು ನನಗೆ ಹೊಳೆಯಲಿಲ್ಲ.

ಅವರು ದುಬೈಯ ಅಲ್ ನಹ್ದಾದಲ್ಲಿ ನಮ್ಮ ಎದುರು ಫ್ಲ್ಯಾಟಿನವರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಗಲ್ಫಿಗೆ ಬಂದ ಹೊಸತರಲ್ಲಿ ತಮ್ಮನಿಗೆಂದು ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಪೆಟ್ಟಿಗೆ ಕೊಂಡಿದ್ದರಂತೆ. ವಿಮಾನದಲ್ಲಿ ಕಿಲೋ ಹೆಚ್ಚಾಯಿತು. ಹಾಲಿನ ಪುಡಿ ಊರಿಗೆ ಹೋಯಿತು, ಪೆಟ್ಟಿಗೆ ದುಬೈಯಲ್ಲೇ ಉಳಿಯಿತು. ಅದರ ಜೊತೆ ಬಂದದ್ದು ಜಪಾನಿನ ನೀಲಿ ರೋಬೋ ಹುಡುಗನ ಆಟ. ಹಾರಬೇಕು, ಗುಂಡು ಹೊಡೆಯಬೇಕು, ಎಂಟು ವೈರಿಗಳನ್ನು ಸೋಲಿಸಬೇಕು. ಸೋತವನ ಆಯುಧ ನಮ್ಮದಾಗುತ್ತದೆ.

ಅದರ ಹುಟ್ಟುಕಥೆ ಹೇಳಲು ಕೂತರೆ ಆಂಟಿಗೆ ಒಲೆಯ ಮೇಲಿನ ಮೀನು ಸಾರು ನೆನಪಿರುತ್ತಿರಲಿಲ್ಲ.

"ಅವ ನೀಲಿ ಯಾಕೆ ಗೊತ್ತುಂಟಾ? ಆ ಮೆಷಿನಲ್ಲಿ ನೀಲಿಯ ಶೇಡೇ ಜಾಸ್ತಿ ಇದ್ದದ್ದಂತೆ. ಇದ್ದದ್ರಲ್ಲಿ ಮಾಡಿದ್ದು ಮಾರಾಯ, ನಮ್ಮ ಹಾಗೆ."

ಮೊದಲ ಆಟ ಅಷ್ಟೇನೂ ಓಡಲಿಲ್ಲ. ಎರಡನೆಯದನ್ನು ಆ ತಂಡದವರು ಬೇರೆ ಕೆಲಸಗಳ ನಡುವೆ, ಉಳಿದ ಹೊತ್ತಿನಲ್ಲಿ ಮಾಡಿದರು, ಅದೇ ಗೆದ್ದಿತು; ಆಂಟಿಯ ಪೆಟ್ಟಿಗೆಯ ಜೊತೆ ಬಂದದ್ದೂ ಅದೇ. ಅದಕ್ಕೇ ಮೊದಲ ಸಲ ವೈರಿಗಳ ಚಿತ್ರ ಬರೆದು ಕಳಿಸಿ ಎಂದು ಆಡುವ ಮಕ್ಕಳನ್ನೇ ಕೇಳಿದರು. ಮೂರನೆಯದರಲ್ಲಿ ಹುಡುಗ ಜಾರಲು ಕಲಿತ, ನಾಲ್ಕನೆಯದರಲ್ಲಿ ಗುಂಡನ್ನು ಹಿಡಿದಿಟ್ಟು ದೊಡ್ಡದು ಮಾಡಿ ಬಿಡಲು ಕಲಿತ. ಎಷ್ಟೋ ವರ್ಷ ಬಿಟ್ಟು ಬಂದ ಒಂಬತ್ತನೆಯದನ್ನು ಬೇಕೆಂದೇ ಹಳೆಯ ಚೌಕ ಚೌಕದ ಚಿತ್ರಗಳಲ್ಲಿ ಮಾಡಿದರು. ಈಗ ಹನ್ನೊಂದು ಆಗಿವೆ. ಇದೆಲ್ಲ ಆಂಟಿಗೆ ಓದಿ ಗೊತ್ತೇ ಹೊರತು ಆಡಿ ಅಲ್ಲ. "ಎರಡು ಮುಗಿಯದೆ ಮೂರನ್ನು ಮುಟ್ಟುದಿಲ್ಲ" ಎಂಬುದು ಅವರ ಹಟ. ಆ ಎರಡನೆಯ ಆಟದ ಕೊನೆಯ ಕೋಟೆ ಅವರಿಗೆ ದಕ್ಕಿರಲೇ ಇಲ್ಲ.

ಆಡುವಾಗ ಬಾಯಿಗೆ ಬರುತ್ತಿದ್ದದ್ದು ಆಸ್ಪತ್ರೆಯ ಮಾತೇ. ಹೊಂಡದ ಅಂಚಿನಲ್ಲಿ "ಶ್ವಾಸ ಎಳಿ... ಹಿಡಿ...", ಹಾರಿ ಆಚೆ ಬಿದ್ದ ಮೇಲೆ "ಬಿಡು." ಮಿಮಿಕ್ರಿ ಮಾಡುವ ನಾನು ಇದನ್ನು ಅಣಕಿಸಿ ಊದ್ ಮೇಥಾ ಬಡಾವಣೆಯ ಒಂದು ಕಾರ್ಯಕ್ರಮದಲ್ಲಿ ಚಪ್ಪಾಳೆ ಗಿಟ್ಟಿಸಿದೆ. ಇಳಿದು ಬಂದಾಗ ಆಂಟಿ, "ಸ್ವರ ನಂದೇ, ಒಪ್ಪಿದೆ. ಶ್ವಾಸ ಹಿಡಿದ್ರೂ ಒಳಗೆ ಹೋಗದ ಹೊಟ್ಟೆ ಮಾತ್ರ ನಿಂದು" ಎಂದರು.

ರಿಟೈರ್ ಆಗಿ, ವೀಸಾ ಕ್ಯಾನ್ಸಲ್ ಮಾಡಿಸಿ ಅವರು ಊರಿಗೆ ಹೊರಟ ವಾರ. ಆ ಪೆಟ್ಟಿಗೆ ಓಡುತ್ತಿದ್ದದ್ದು ಅವರ ಹಳೇ ಡಬ್ಬಾ ಟಿವಿಯಲ್ಲಿ ಮಾತ್ರ. ಟಿವಿಯನ್ನು ಅಲ್ ಕೂಜ್‌ನ ಯಾರೋ ಶೋಕಿಗೆ ಕೊಂಡಿದ್ದರು. ಶುಕ್ರವಾರ ಐದಕ್ಕೆ ಗಾಡಿ ಬರುವುದಿತ್ತು. ಅಷ್ಟರೊಳಗೆ ಕೋಟೆ ಮುಗಿಯಬೇಕು, ಅದೂ ಒಂದೇ ಸಲಕ್ಕೆ, ಕೋಟೆಯೊಳಗೆ ಆಟವನ್ನು ನಡುವೆ ಉಳಿಸಿಡುವ ಹಾಗಿಲ್ಲ. ಕೋಟೆಯ ಬಾಗಿಲವರೆಗೆ ಒಯ್ಯುವ ಪಾಸ್‌ವರ್ಡ್ ಎಂದರೆ ಇಪ್ಪತ್ತೈದು ಮನೆಯ ಚೌಕದಲ್ಲಿ ಒಂಬತ್ತು ಚುಕ್ಕಿ. ಆ ವಾರವಷ್ಟೇ ಎಂಟೂ ವೈರಿಗಳನ್ನು ಹೊಸದಾಗಿ ಸೋಲಿಸಿ, ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಟ್ಟಿದ್ದರು. ಬುಧವಾರ ಚಾ ಕುಡಿಯಲು ಹೋದವನು ಅದೇ ಪೆನ್ನಿನಲ್ಲಿ ಇನ್ನೊಂದು ಚುಕ್ಕಿ ಇಟ್ಟೆ. ಅವರು ಪೇಚಾಡುವಾಗ ಚೂರು ನಕ್ಕು, ಆಮೇಲೆ ಹೇಳಿಬಿಡುವ ಅಂದಾಜು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ. ಯಂತ್ರ ಕೊಡುವುದು ಒಂಬತ್ತೇ ಚುಕ್ಕಿ, ಕಾಗದದಲ್ಲಿ ಹತ್ತು. ನಾನು ನಕ್ಕೆ.

"ಯಾವುದು ನಿಂದು?"

ನೋಡಿದೆ. ಹತ್ತೂ ಅಣ್ಣತಮ್ಮಂದಿರ ಹಾಗೆ ಕಂಡವು. ನಗು ಅಲ್ಲಿಗೇ ಖಲಾಸ್.

"ಮರೆತುಹೋಯ್ತು ಆಂಟಿ. ಒಂದೊಂದೇ ಬಿಟ್ಟು ನೋಡುವ."

"ನೀನು ಸುಮ್ಮನೆ ಕೂತ್ಕೋ."

ಹಾಳೆಯನ್ನು ಕಿಟಕಿಯ ಬಿಸಿಲಿಗೆ ಎಕ್ಸ್‌ರೇ ಫಿಲ್ಮಿನ ಹಾಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದರು. "ಇದು. ಉಳಿದದ್ದೆಲ್ಲ ಒತ್ತಿ ಇಟ್ಟದ್ದು, ಇದು ಹೆದರಿಕೊಂಡು ಇಟ್ಟದ್ದು." ಕೋಟೆಯ ಬಾಗಿಲು ತೆರೆಯಿತು. ಇವತ್ತಿಗೂ ಯಾರದಾದರೂ ಸ್ವರ ಹಿಡಿಯುವಾಗ, ಒತ್ತಿ ಇಡುತ್ತಿದ್ದೇನೋ ಹೆದರಿಕೊಂಡು ಇಡುತ್ತಿದ್ದೇನೋ ಎಂದು ನೋಡಿಕೊಳ್ಳುತ್ತೇನೆ. ನನಗೆ ಗೊತ್ತಿರುವ ಇಷ್ಟೇ ಇಷ್ಟು ವಿದ್ಯೆ ಅವರು ಕೊಟ್ಟದ್ದು.

ಐದಕ್ಕೆ ಹತ್ತು ನಿಮಿಷ ಇರುವಾಗಲೇ ಗಾಡಿಯವನು ಟ್ರಾಲಿ ದಬ್ಬಿಕೊಂಡು ಬಂದ. "ಯಲ್ಲಾ ಮೇಡಂ, ಬೇಗ ಬೇಗ, ಕೆಳಗೆ ಪಾರ್ಕಿಂಗ್ ಇಲ್ಲ" ಎಂದವನು ಪರದೆ ನೋಡಿ ಟ್ರಾಲಿಯ ಮೇಲೇ ಕೂತ. ಕೊನೆಯ ವೈರಿ ತೇಲಾಡುತ್ತಿದ್ದ. ಅವನಿಗೆ ಬೆಂಕಿ ತಾಗುವುದಿಲ್ಲ, ಗರಗಸ ತಾಗುವುದಿಲ್ಲ. ತಾಗುವುದು ಎಲ್ಲರೂ ನಗುವ ಠುಸ್ ಪಟಾಕಿಯಂಥ ಆಯುಧ, ನೀರಿನ ಗುಳ್ಳೆ. ಆಂಟಿಯ ಬಳಿ ಉಳಿದದ್ದು ಒಂದು ಜೀವ, ಎರಡು ಗುಳ್ಳೆ. ಮೊದಲನೆಯದು ತಪ್ಪಿತು. ಆಂಟಿ ತಾವೇ ಶ್ವಾಸ ಎಳೆದು ಹಿಡಿದರು. ನಾನು ಗಾಡಿಯವನ ಭುಜ ಹಿಡಿದುಕೊಂಡಿದ್ದೆ, ಅವನು ನನ್ನ ಮೊಣಕಾಲು. ಆಂಟಿ ಕಾದರು, ಇನ್ನೂ ಕಾದರು, ಹಾರಿ ಬಿಟ್ಟರು.

ತಾಗಿತು. ನಾವಿಬ್ಬರೂ ಕುಣಿದೆವು, ಅವನ ಹೆಸರೂ ನನಗೆ ಗೊತ್ತಿಲ್ಲ. ಆಂಟಿ ಮಾತ್ರ ಪರದೆಯ ಮೇಲೆ ಆ ಹುಡುಗ ಮಳೆಯಲ್ಲಿ, ಹಿಮದಲ್ಲಿ ಒಬ್ಬನೇ ನಡೆದು ಹೋಗುವುದನ್ನು ಮುಗಿಯುವವರೆಗೂ ನೋಡಿದರು. ಆಮೇಲೆ ಎದ್ದು ತಾವೇ ಪ್ಲಗ್ ಕಿತ್ತರು.

ಟಿವಿ ಟ್ರಾಲಿ ಏರಿತು. ನನ್ನ ನಾಲಗೆ ಸುಮ್ಮನಿರಬೇಕಲ್ಲ.

"ಎರಡು ಮುಗಿಸ್ಲಿಕ್ಕೇ ಮೂವತ್ತು ವರ್ಷ ಆಯ್ತು ಆಂಟಿ. ಇನ್ನೂ ಒಂಬತ್ತು ಬಾಕಿ ಉಂಟು."

"ಮತ್ತೆ ನಾನು ರಿಟೈರ್ ಆದದ್ದು ಎಂತಕ್ಕೆ ಅಂತ ಗ್ರಹಿಸಿದ್ದಿ ನೀನು?"