ನಾನು ಕನ್ನಡಕ್ಕಾಗಿ ಉಪವಾಸ ಕೂತ ಕಥೆ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ ನಡೆದ ಸಂಗತಿ ಇದು. ಮೇ ಹೌದೋ ಅಲ್ಲವೋ ಎಂದು ಡೈರಿ ತೆಗೆದು ನೋಡಿಕೊಂಡೇ ಬರೆಯುತ್ತಿದ್ದೇನೆ. ಇಷ್ಟು ಹುಷಾರು ಯಾಕೆ ಎಂಬುದು ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ನನ್ನ ಮಗಳು ಇಂಚರ ಏಳನೇ ತರಗತಿ ಮುಗಿಸಿ ಎಂಟಕ್ಕೆ, ಅಂದರೆ ಹೈಸ್ಕೂಲಿಗೆ ಹೊರಟಿದ್ದಳು. ಜಯನಗರದ ಅದೇ ಶಾಲೆ, ಅದೇ ಕಟ್ಟಡ. ತರಗತಿ ಮಾತ್ರ ಒಂದು ಮಹಡಿ ಮೇಲಕ್ಕೆ. ಆದರೂ ಜೆ.ಪಿ. ನಗರದ ನಮ್ಮ ಮನೆಯಲ್ಲಿ ಮದುವೆ ಮನೆಯ ಗಲಾಟೆ. ಫೋರ್ತ್ ಬ್ಲಾಕಿಗೆ ಹೋಗಿ ಹೊಸ ಯೂನಿಫಾರಂ ತಂದಿದ್ದೆವು. "ಬೆಳೆಯೋ ಮಗು" ಎಂದು ನಾನು ಎರಡು ಸೈಜು ದೊಡ್ಡದನ್ನೇ ಕೊಡಿಸಿದ್ದರಿಂದ, ಅದನ್ನು ಹಾಕಿಕೊಂಡು ನಿಂತರೆ ಯೂನಿಫಾರಮ್ಮಿನೊಳಗೆ ಇಂಚರಳನ್ನು ಹುಡುಕಬೇಕಾಗುತ್ತಿತ್ತು. ಬ್ರೌನ್ ಪೇಪರ್, ಲೇಬಲ್ಲು, ಹೊಸ ಬ್ಯಾಗು ಎಲ್ಲ ಬಂದಿದ್ದವು. ಬಾಕಿ ಇದ್ದದ್ದು ಒಂದೇ ಒಂದು ಹಾಳೆಯ ಫಾರಂ. ಪ್ರಥಮ ಭಾಷೆಯಾಗಿ ಕನ್ನಡ ಬೇಕೋ ಸಂಸ್ಕೃತ ಬೇಕೋ ಎಂದು ಅದರಲ್ಲಿ ಬರೆದುಕೊಡಬೇಕಿತ್ತು. ಸೋಮವಾರ ಮಧ್ಯಾಹ್ನ ಹನ್ನೆರಡು ಕೊನೆಯ ಗಡುವು. ಮೊದಲು ಬಂದವರಿಗೆ ಸೀಟು. ಹೊಡೆದುಹಾಕಿದ, ತಿದ್ದಿದ, ವೈಟ್ನರ್ ಹಚ್ಚಿದ ಫಾರಂ ತೆಗೆದುಕೊಳ್ಳುವುದಿಲ್ಲ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಸಂಸ್ಕೃತವಾದರೆ ಅಂಕ ಸುಲಭ ಎನ್ನುವುದು ನಮ್ಮ ಕಡೆಯ ಪೋಷಕರ ದೃಢ ನಂಬಿಕೆ. ಇಂಚರಳಿಗೆ ಅಂಕದ ಚಿಂತೆ ಇರಲಿಲ್ಲ. ಎಲ್‌ಕೆಜಿಯಿಂದ ಅವಳ ಪಕ್ಕದಲ್ಲೇ ಕೂತುಬಂದ ಅನ್ವಿತಾ ಸಂಸ್ಕೃತಕ್ಕೆ ಹೋಗುವವಳಿದ್ದಳು. ಸಂಸ್ಕೃತದವರು 'ಎ' ಸೆಕ್ಷನ್, ಕನ್ನಡದವರು 'ಬಿ' ಸೆಕ್ಷನ್.

"ಅಮ್ಮ, ಅನ್ವಿತಾ ಇಲ್ದೆ ಮೂರು ವರ್ಷ ನಾನು ಯಾರ ಪಕ್ಕ ಕೂತ್ಕೊಳ್ಳಲಿ?" ಎಂದಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ನಾನು ಬಗ್ಗಲಿಲ್ಲ. "ನಿನ್ನ ವಯಸ್ಸಲ್ಲಿ ನಾನು ಕನ್ನಡಕ್ಕೋಸ್ಕರ ಎರಡು ದಿನ ಊಟ ಬಿಟ್ಟಿದ್ದೆ, ಗೊತ್ತಾ?"

"ಗೊತ್ತು. ತಾತ ಸಂಸ್ಕೃತ ತಗೋ ಅಂದ್ರು, ನೀನು ಕನ್ನಡಾನೇ ಬೇಕು ಅಂತ ರೂಮ್ ಬಾಗಿಲು ಹಾಕ್ಕೊಂಡು ಅತ್ತೆ. ನನ್ನ ಬರ್ತ್‌ಡೇ ಪಾರ್ಟೀಲೂ ಹೇಳಿದ್ದೆ."

ಹೌದು, ಹೇಳಿದ್ದೆ. ಆಫೀಸಿನಲ್ಲಿ, ನೆಂಟರ ಮನೆಯಲ್ಲಿ, ಆಟೋದವರ ಹತ್ತಿರ ಕೂಡ ಹೇಳಿದ್ದೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ದಾಖಲೆಯಿಲ್ಲದ ಮಾತನ್ನು ನಂಬಬಾರದು ಎಂದು ಎರಡು ವರ್ಷ ಪಾಠ ಕೇಳಿ, ಈಗ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಹದಿಮೂರನೇ ವಯಸ್ಸಿನಿಂದ ಡೈರಿಯನ್ನೂ ಬರೆಯುತ್ತೇನೆ. ಬರೆದದ್ದನ್ನು ತೆಗೆದು ಓದುವ ಅಭ್ಯಾಸ ಮಾತ್ರ ಇರಲಿಲ್ಲ.

ಶನಿವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಹೆಡ್‌ಮಿಸ್ ಎರಡೂ ಭಾಷೆಗಳ ವಿಷಯ ಹೇಳಿ, "ಪೇರೆಂಟ್ಸ್ ಯಾರಾದ್ರೂ ಮಾತಾಡ್ತೀರಾ?" ಎಂದು ಕೇಳಿದರು. ಇಂಥ ಪ್ರಶ್ನೆಯನ್ನು ಶಿಷ್ಟಾಚಾರಕ್ಕೆ ಕೇಳುತ್ತಾರೆ, ಯಾರೂ ಏಳಬಾರದು. ನಾನು ಎದ್ದೆ. ನನ್ನ ಗಂಡ ಪ್ರಸಾದ್ ನನ್ನ ದುಪಟ್ಟಾ ಹಿಡಿದು, "ವಸು, ಕೂತ್ಕೋ, ಪ್ಲೀಸ್" ಎಂದರು. ಕೂರಲಿಲ್ಲ.

ಆ ದಿನ ಕಥೆ ಎಂದಿಗಿಂತ ಚೆನ್ನಾಗಿ ಬಂತು. ನಾನು ಊಟ ಬಿಟ್ಟದ್ದು, ಬಾಗಿಲಾಚೆ ಅಮ್ಮ ತಟ್ಟೆ ಹಿಡಿದು ನಿಂತದ್ದು, ಅಪ್ಪ ಕಲ್ಲಿನ ಹಾಗೆ ಕೂತದ್ದು, ಕೊನೆಗೆ ಮೂರನೇ ದಿನ ಬೆಳಿಗ್ಗೆ ಸೋತು ಫಾರಮ್ಮಿಗೆ ಸಹಿ ಹಾಕಿದ್ದು. "ಅವತ್ತು ನಾನು ಸೋತಿದ್ದಿದ್ರೆ ಇವತ್ತು ನಿಮ್ಮ ಮುಂದೆ ಹೀಗೆ ಕನ್ನಡ ಮಾತಾಡ್ತಿರಲಿಲ್ಲ" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಇಂಚರ ಮಾತ್ರ ತನ್ನ ಶೂ ನೋಡುತ್ತಾ ಕೂತಿದ್ದಳು. ಸಂಜೆಯ ಹೊತ್ತಿಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು 'ಕನ್ನಡ ಮೇಡಂ' ಆಗಿತ್ತು.

ಮಾರನೇ ದಿನ ಭಾನುವಾರ. ನನ್ನ ಹಳೆಯ ಕನ್ನಡ ನಿಘಂಟನ್ನು ಇಂಚರಳಿಗೆ ಕೊಡಬೇಕೆಂದು ಅವಳನ್ನು ಕರೆದುಕೊಂಡು ಹನುಮಂತನಗರಕ್ಕೆ ಹೋದೆ. ಅಪ್ಪ, ಅಮ್ಮ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಅಪ್ಪ ಮೂವತ್ತೈದು ವರ್ಷ ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವ ಕೆಲಸ ಮಾಡಿದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಜುಬ್ಬಾದ ಜೇಬಿನಿಂದ ಕೆಂಪು ಪೆನ್ನು ಹೋಗಿಲ್ಲ. ಮದುವೆ ಪತ್ರಿಕೆ ಕೊಡಲು ಬಂದವರಿಗೆ ಕಾಫಿ ಕೊಡುವ ಮೊದಲೇ ಪತ್ರಿಕೆಯನ್ನು ತಿದ್ದಿ ವಾಪಸ್ ಕೊಡುತ್ತಾರೆ. ಕೆಲವು ನೆಂಟರು ಈಗ ಫೋನಿನಲ್ಲಷ್ಟೇ ಕರೆಯುತ್ತಾರೆ.

ಅಟ್ಟದಿಂದ ನನ್ನ ಟ್ರಂಕು ಇಳಿಸಿದೆವು. ನಾನು ನಿಘಂಟಿನ ಧೂಳು ಹೊಡೆಯುತ್ತಿದ್ದೆ. ಇಂಚರಳ ಕೈಗೆ ರಟ್ಟಿನ ಹೊದಿಕೆಯ ಒಂದು ಡೈರಿ ಸಿಕ್ಕಿತು. ನನ್ನ ಮೊದಲ ಡೈರಿ.

"ಅಮ್ಮ, ಇದ್ರಲ್ಲಿ ಎಂಟನೇ ಕ್ಲಾಸಿಂದು ಇದೆ. ಓದ್ಲಾ?"

"ಜೋರಾಗಿ ಓದು. ತಾತಂಗೂ ಕೇಳಿಸ್ಲಿ" ಎಂದೆ. ಎಂಥ ಧೈರ್ಯ ನನ್ನದು!

ಅವಳು ಓದಿದಳು: "ಇವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಅಪ್ಪ ಸಂಸ್ಕೃತ ಕೊಡಿಸುವ ತನಕ ಮಾಡುವುದಿಲ್ಲ. ಕನ್ನಡವೇ ಸಾಕು ಅನ್ನುತ್ತಾರೆ. ಗೀತಾ ಸಂಸ್ಕೃತ, ನಾನೂ ಸಂಸ್ಕೃತ. ಸಾಯಂಕಾಲ ಬೋಂಡಾ ತಿಂದೆ. ಬೋಂಡಾ ಊಟವಲ್ಲ."

ನಾನು ನಿಘಂಟು ಕೆಳಗಿಟ್ಟೆ. "ಇನ್ನೊಂದ್ಸಲ ಓದು."

ಇನ್ನೊಂದು ಸಲವೂ ಸಂಸ್ಕೃತ ಎಂದೇ ಇತ್ತು. ಇಂಚರ ಪುಟ ತಿರುಗಿಸಿದಳು. "ಅಪ್ಪ ಒಪ್ಪಿಕೊಂಡರು. ಸಂಸ್ಕೃತ ಅಂತ ಬರೆದು ಸಹಿ ಹಾಕಿದರು." ಮುಂದಿನ ಪುಟದ ಅಕ್ಷರ ನೀರು ಬಿದ್ದು ಹರಡಿತ್ತು. "ಅಪ್ಪ ಫಾರಂನಲ್ಲಿ ಅಚ್ಚಾಗಿದ್ದ ತಪ್ಪುಗಳನ್ನೆಲ್ಲ ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟಿದ್ದರು. ಹನ್ನೊಂದು ತಪ್ಪು. ಹೆಡ್ಮಾಸ್ಟರಿಗೆ ಸಿಟ್ಟು ಬಂತು. ಇದು ಫಾರಮ್ಮೋ ನಿಮ್ಮಪ್ಪನ ಪ್ರೂಫೋ ಅಂತ ವಾಪಸ್ ಕೊಟ್ಟರು. ಹೊಸ ಫಾರಂ ತರುವಷ್ಟರಲ್ಲಿ ಸಂಸ್ಕೃತದ ಸೆಕ್ಷನ್ ಭರ್ತಿ. ಇನ್ನು ಮೂರು ವರ್ಷ ಕನ್ನಡ. ನನ್ನ ಜೀವನ ಮುಗಿಯಿತು."

ಇಂಚರ ನಗಲು ಶುರು ಮಾಡಿದಳು. ನಗುತ್ತಾ ಟ್ರಂಕಿನ ಮೇಲೆಯೇ ಕೂತುಬಿಟ್ಟಳು. ಒಳಗಿನಿಂದ ಅಮ್ಮ ಬಂದರು.

"ಅಮ್ಮ, ನಾನು ಎರಡು ದಿನ ಊಟ ಬಿಟ್ಟಿರಲಿಲ್ವಾ?" ಎಂದು ಕೇಳಿದೆ. ಕೊನೆಯ ಆಸರೆ ಅದೊಂದೇ ಉಳಿದಿತ್ತು.

"ಯಾರು, ನೀನಾ? ಒಂದು ಹೊತ್ತು ಬಿಟ್ಟೆ ಕಣೇ. ಸಾಯಂಕಾಲ ಆರು ಬೋಂಡಾ ತಿಂದು, ಚಟ್ನಿ ಖಾಲಿಯಾಯ್ತು ಅಂತ ಇನ್ನೊಂದ್ಸಲ ಅತ್ತೆ."

ನಿನ್ನೆ ಸಭೆಯಲ್ಲಿ ಕಣ್ಣೊರೆಸಿಕೊಂಡ ಹೆಂಗಸು ನೆನಪಾದರು. ಈ ಕಥೆಯನ್ನು ನಾನು ಸುಳ್ಳೆಂದು ತಿಳಿದು ಹೇಳಿದವಳಲ್ಲ. ಬಾಗಿಲು, ತಟ್ಟೆ, ಅಪ್ಪನ ಮುಖ ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಬೇಡವೆಂದು ಅತ್ತ ಭಾಷೆಯನ್ನೇ ಓದುತ್ತಾ ಓದುತ್ತಾ ಇಷ್ಟಪಟ್ಟೆ. ಇಷ್ಟಪಟ್ಟ ಮೇಲೆ, ಮೊದಲಿನಿಂದಲೂ ಇಷ್ಟವಿತ್ತು ಎಂದು ಯಾವಾಗಲೋ ನಂಬಿಬಿಟ್ಟಿರಬೇಕು. ಆ ನಂಬಿಕೆಗೆ ಒಬ್ಬ ಖಳನಾಯಕ ಬೇಕಾಗಿತ್ತು. ಅಪ್ಪ ಹತ್ತಿರದಲ್ಲೇ ಇದ್ದರು.

ಆ ಅಪ್ಪ ಈಗ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು.

"ಅಪ್ಪ, ನಾನು ಇಷ್ಟು ವರ್ಷ ಎಲ್ಲರ ಮುಂದೆ ತಪ್ಪು ಕಥೆ ಹೇಳ್ತಿದ್ದೆ. ಊರಲ್ಲಿರೋ ತಪ್ಪೆಲ್ಲ ತಿದ್ದೋರು ನೀವು. ಇದೊಂದನ್ನ ಯಾಕೆ ತಿದ್ದಲಿಲ್ಲ?"

ಪೇಪರು ನಿಧಾನವಾಗಿ ಇಳಿಯಿತು. "ನಿನ್ನ ಕಥೇಲಿ ನಾನು ಹಟಮಾರಿ ಅಪ್ಪ. ನಿಜ ಹೇಳಿದ್ರೆ ಫಾರಂ ಹಾಳು ಮಾಡಿದ ಅಪ್ಪ. ಎರಡರಲ್ಲಿ ನಿನ್ನದೇ ವಾಸಿ ಅನ್ನಿಸ್ತು. ಸುಮ್ನಿದ್ದೆ."

"ತಾತ, ನೀವು ಬೇಕೂಂತಲೇ ಮಾಡಿದ್ರಾ? ಅಮ್ಮ ಕನ್ನಡ ಓದ್ಲಿ ಅಂತ?" ಇಂಚರ ಕೇಳಿದಳು.

ಅಪ್ಪ ಕನ್ನಡಕ ತೆಗೆದು ಜುಬ್ಬಾದ ತುದಿಯಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ನಂಗೂ ನೆನಪಿಲ್ಲ ಮರಿ" ಎಂದರು. ಆಮೇಲೆ, "ಎಲ್ಲಿ, ನಿನ್ನ ಫಾರಂ ತಂದಿದ್ದೀಯಾ? ಒಂದ್ಸಲ ನೋಡ್ತೀನಿ" ಎಂದರು.

ಖಾಲಿ ಫಾರಂ ಇಂಚರಳ ಫೈಲಿನಲ್ಲಿತ್ತು. ಅದನ್ನು ಓದುತ್ತಾ ಓದುತ್ತಾ ಅವರ ಬಲಗೈ ತಾನಾಗಿ ಜೇಬಿಗೆ ಹೋಯಿತು. ನಾವು ಮೂವರೂ ಒಟ್ಟಿಗೆ ಕಿರುಚಿದೆವು. "ಆಯ್ತಮ್ಮ, ಮುಟ್ಟಲ್ಲ" ಎಂದು, ಕೊತ್ತಂಬರಿ ಸೊಪ್ಪು ತರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟೇ ಹೋದರು. ಫಾರಂ ಅವರ ಕೈಯಲ್ಲೇ ಹೋಗಿದೆ ಎಂದು ನಮಗೆ ಹೊಳೆದದ್ದು ಗೇಟು ಹಾಕಿದ ಸದ್ದಾದ ಮೇಲೆ. ಕಾಲು ಗಂಟೆಯ ನಂತರ ಸೊಪ್ಪು, ಫಾರಂ ಎರಡನ್ನೂ ತಂದುಕೊಟ್ಟರು. ಫಾರಮ್ಮನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದೆ. ಕೆಂಪು ಚುಕ್ಕೆಯೂ ಇರಲಿಲ್ಲ.

ಮನೆಗೆ ಬಂದು ಇಂಚರಳಿಗೆ, "ನಿಂಗೇನು ಬೇಕೋ ಅದನ್ನ ಬರಿ. ಗೀತಾಗೋಸ್ಕರ ನಾನೂ ಅತ್ತೋಳೇ" ಎಂದೆ. ಅವಳು ನಾಲಿಗೆ ಕಚ್ಚಿಕೊಂಡು, ದುಂಡಗೆ 'ಸಂಸ್ಕೃತ' ಎಂದು ಬರೆದಳು. ನಾನು ಸಹಿ ಹಾಕಿದೆ. ಅನ್ವಿತಾಗೆ ಫೋನು ಮಾಡು ಎಂದರೆ, "ಬೇಡ, ನಾಳೆ ಸರ್‌ಪ್ರೈಸ್" ಎಂದಳು.

ಸೋಮವಾರ ಹನ್ನೊಂದು ಗಂಟೆಗೆ ಶಾಲೆ ತಲುಪಿದೆವು. ಅಪ್ಪ ಹನುಮಂತನಗರದಿಂದ ಬಸ್ಸು ಹತ್ತಿ ಗೇಟಿನ ಹತ್ತಿರ ಮೊದಲೇ ಬಂದು ನಿಂತಿದ್ದರು. ಕಂಕುಳಲ್ಲಿ ಮಡಚಿದ ಪೇಪರ್. "ಮನೇಲಿ ಕೂತಿರೋಕೆ ಆಗಲಿಲ್ಲ" ಎಂದರು. ಸಾಲಿನಲ್ಲಿ ನಮ್ಮ ಮುಂದೆ ನಾಲ್ಕೇ ಜನರಿದ್ದಾಗ, ಕೌಂಟರಿನಿಂದ ಅನ್ವಿತಾ ಮತ್ತು ಅವಳ ತಾಯಿ ರೇಖಾ ಈಚೆ ಬಂದರು. ರೇಖಾ ನನ್ನ ಎರಡೂ ಕೈ ಹಿಡಿದುಕೊಂಡರು.

"ವಸುಧಾ, ಶನಿವಾರ ರಾತ್ರಿಯೆಲ್ಲ ನಂಗೆ ನಿದ್ದೆ ಇಲ್ಲ ಕಣ್ರೀ. ನೀವು ಊಟ ಬಿಟ್ಟಿದ್ದೇ ಕಣ್ಮುಂದೆ. ಹಾಳಾಗ್ಲಿ ಮಾರ್ಕ್ಸು ಅಂತ ಕನ್ನಡಾನೇ ಹಾಕಿಬಿಟ್ವಿ!"

ಅನ್ವಿತಾ ಕುಣಿಯುತ್ತಾ, "ಇಂಚೂ, ನಿಮ್ಮಮ್ಮ ಹೇಗೂ ನಿಂಗೆ ಕನ್ನಡಾನೇ ಕೊಡ್ಸೋದು ಅಂತ ಗೊತ್ತಿತ್ತು. ಸರ್‌ಪ್ರೈಸ್!" ಎಂದಳು.

ಇಂಚರ ನನ್ನನ್ನು ನೋಡಿದ ನೋಟವನ್ನು ಡೈರಿಯಿಲ್ಲದೆಯೂ ಮರೆಯಲಾರೆ. ಕಥೆ ಕೇಳಿ ಕೇಳಿ ಬೇಸತ್ತವಳು ಅವಳು. ಅದೇ ಕಥೆ ಈಗ ಅವಳ ಗೆಳತಿಯನ್ನು 'ಬಿ' ಸೆಕ್ಷನ್ನಿಗೆ ಎತ್ತಿಹಾಕಿತ್ತು. ಕೈಯಲ್ಲಿದ್ದ ಫಾರಮ್ಮಿನಲ್ಲಿ ನೀಲಿ ಇಂಕಿನ ಸಂಸ್ಕೃತ. ನಾನು ಕೌಂಟರಿಗೆ ಓಡಿ, "ಸಾರ್, ಇನ್ನೊಂದು ಫಾರಂ ಕೊಡಿ" ಎಂದೆ.

"ಒಂದು ಮಗುಗೆ ಒಂದೇ ಮೇಡಂ. ಎಕ್ಸ್‌ಟ್ರಾ ಎಲ್ಲ ಖಾಲಿ."

"ಇದನ್ನೇ ಹೊಡೆದುಹಾಕಿ ಕನ್ನಡ ಅಂತ ಬರೆದ್ರೆ?"

ಅವರು ದಪ್ಪ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟು, "'ಬಿ'ನಲ್ಲಿ ಮೂರೇ ಸೀಟಿದೆ ಮೇಡಂ. ಬೇಗ ಹೇಳಿ" ಎಂದರು.

ಇಂಚರ ಅನ್ವಿತಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಗ ಅಪ್ಪ ಕೆಮ್ಮಿದರು. ಕಂಕುಳಲ್ಲಿದ್ದ ಪೇಪರು ಬಿಡಿಸಿ, ಒಳಗಿನಿಂದ ಒಂದು ಹಾಳೆ ತೆಗೆದು ಮೊಮ್ಮಗಳ ಕೈಗಿಟ್ಟರು. ಖಾಲಿ ಫಾರಮ್ಮಿನ ಜೆರಾಕ್ಸ್. ಭಾನುವಾರದ ಕಾಲು ಗಂಟೆ ಎಲ್ಲಿ ಕಳೆದಿತ್ತೆಂದು ಆಗ ಗೊತ್ತಾಯಿತು.

"ಜೆರಾಕ್ಸ್ ಆಗುತ್ತಾ ಸಾರ್?" ಎಂದು ಹಾಳೆಯನ್ನು ಕೌಂಟರಿನ ಮೇಲಿಟ್ಟೆ.

ಗುಮಾಸ್ತರು ತಿರುಗಿಸಿ ನೋಡಿ, "ನೀಟಾಗಿದ್ರೆ ಸಾಕು. ತುಂಬಿ ಕೊಡಿ" ಎಂದರು.

ಇಂಚರ ಗೋಡೆಗೆ ಹಾಳೆಯನ್ನು ಒತ್ತಿ ಹಿಡಿದು 'ಕನ್ನಡ' ಎಂದು ಬರೆದಳು. ನಾನು ಮತ್ತೆ ಸಹಿ ಹಾಕಿದೆ. ಕೌಂಟರಿನ ಮುದ್ರೆ ಧಪ್ ಎಂದು ಬಿದ್ದಾಗ ಹುಡುಗಿಯರಿಬ್ಬರೂ ಕಿರುಚಿದ್ದಕ್ಕೆ ಹೆಡ್‌ಮಿಸ್ ಈಚೆ ಬಂದು ನೋಡಿದರು.

ಮೆಟ್ಟಿಲಿಳಿಯುವಾಗ ಅಪ್ಪನ ಪೇಪರಿನಿಂದ ಇನ್ನೊಂದು ಹಾಳೆ ಜಾರಿ ಬಿತ್ತು. ಅದೂ ಅದೇ ಫಾರಮ್ಮಿನ ಜೆರಾಕ್ಸ್. ಮೇಲಿಂದ ಕೆಳಗಿನವರೆಗೆ ಕೆಂಪು ಗೀಟು, ಅಂಚಿನಲ್ಲಿ ಟಿಪ್ಪಣಿ.

"ಇದೇನಪ್ಪ?"

"ಎರಡು ತೆಗೆಸಿದ್ದೆ. ಒಂದು ತುಂಬೋಕೆ, ಒಂದು ತಿದ್ದೋಕೆ" ಎಂದರು. "ಒಂಬತ್ತೇ ತಪ್ಪು. ಪರವಾಗಿಲ್ಲ, ನಿಮ್ಮ ಕಾಲಕ್ಕಿಂತ ಸುಧಾರಿಸಿದೆ."

ನಾನು ನಗಲಿಲ್ಲ. ನಗಲು ಹೋದರೆ ಬೇರೇನೋ ಆಗುತ್ತದೆ ಎನಿಸಿತು. ಅವರ ಕೈ ಹಿಡಿದು ರಸ್ತೆ ದಾಟಿಸಿದೆ. ಅವರಿಗೆ ರಸ್ತೆ ದಾಟಲು ಯಾರ ಕೈಯೂ ಬೇಕಾಗಿಲ್ಲ.

ರೇಖಾ ಅವರಿಗೆ ನಿಜ ಹೇಳಲು ನನಗೆ ಎರಡು ವಾರ ಬೇಕಾಯಿತು. ಅವರು "ಆರು ಬೋಂಡಾನಾ?" ಎಂದಷ್ಟೇ ಕೇಳಿದರು. ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಈಗ 'ಬೋಂಡಾ ಮೇಡಂ'. ಆಕ್ಷೇಪಣೆ ಮಾಡುವ ನೈತಿಕ ಹಕ್ಕು ನನಗಿಲ್ಲ. ಈಗ ಏನು ಹೇಳುವುದಿದ್ದರೂ "ನನಗೆ ನೆನಪಿರುವ ಮಟ್ಟಿಗೆ" ಎಂದು ಸೇರಿಸುತ್ತೇನೆ. ಸಾರಿಗೆ ಉಪ್ಪು ಹಾಕಿದೆಯಾ ಎಂದು ಪ್ರಸಾದ್ ಕೇಳಿದರೂ ಅದೇ ಉತ್ತರ.

ಇಂಚರಳ ಬಗ್ಗೆ ಮಾತ್ರ ನನಗೆ ಒಂದು ಗುಮಾನಿ ಇದೆ. ಮೊನ್ನೆ ಚಿಕ್ಕ ತರಗತಿಯ ಹುಡುಗಿಯೊಬ್ಬಳಿಗೆ ಅವಳು, "ನಾನು ಕನ್ನಡ ತಗೊಂಡಿದ್ದು ಕನ್ನಡ ಇಷ್ಟ ಅಂತ ಕಣೇ" ಎನ್ನುತ್ತಿದ್ದುದು ಕಿವಿಗೆ ಬಿತ್ತು. ಒಂದು ವರ್ಷವೂ ಆಗಿರಲಿಲ್ಲ! ತಕ್ಷಣ ಕೂತು ಆ ಸೋಮವಾರದ ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಡೈರಿಯಲ್ಲಿ ಬರೆದು, ಕೆಳಗೆ ಅವಳ ಸಹಿ ಹಾಕಿಸಿಕೊಂಡೆ. ಸಾಕ್ಷಿಯಾಗಿ ಅಪ್ಪನ ಸಹಿಯೂ ಇರಲಿ ಎಂದು ಹನುಮಂತನಗರಕ್ಕೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ನಾಲ್ಕು ತಪ್ಪು ತಿದ್ದಿದರು, ಆಮೇಲೆ ಕೆಂಪು ಇಂಕಿನಲ್ಲೇ ಸಹಿ ಹಾಕಿದರು.