ಬಾಯಿ ಬಿಟ್ಟು ಕೇಳುವುದು

ಇವತ್ತು ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಕೌನ್ಸಿಲ್ ಚುನಾವಣೆಗೆ ನಿಂತ ಹುಡುಗಿಯೊಬ್ಬಳು. ಪೀಠಿಕೆಯಿಲ್ಲ, ಸಂಕೋಚವಿಲ್ಲ, ನಿಮ್ಮ ವೋಟು ನನಗೇ ತಾನೆ ಎಂದು ನಗುತ್ತಾ ಕೇಳಿ ಮುಂದಿನ ಮನೆಗೆ ನಡೆದಳು. ನನಗೆ ಸಂಗಪ್ಪ ಕಾಕಾ ನೆನಪಾಗಿ, ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು.

ಕಾಕಾ ವಿಜಯಪುರದ ಕಡೆಯವರು. ಹರೆಯದಲ್ಲಿ ಲಂಡನ್ನಿಗೆ ಬಂದು, ಇಲ್ಲಿಯ ಸೈನ್ಯ ಸೇರಿ, ಮೊಣಕಾಲು ಕೈಕೊಟ್ಟ ಮೇಲೆ (ಕಾಲು ಕೈಕೊಡುವುದು ಕನ್ನಡದಲ್ಲಿ ಮಾತ್ರ ಸಾಧ್ಯ) ಗ್ರೀನ್‌ಫರ್ಡ್‌ನ ನಮ್ಮ ಬೀದಿಯಲ್ಲೇ ಮನೆ ಮಾಡಿದರು. ಬೀದಿದೀಪ ಕೆಟ್ಟರೆ, ಯಾರಿಗಾದರೂ ಜಿಪಿ ಡಾಕ್ಟರು ಸಿಗದಿದ್ದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೇಬಿಡುತ್ತಿದ್ದರು. ಹೀಗೆ ಪಕ್ಷದವರ ಕಣ್ಣಿಗೆ ಬಿದ್ದು ಚುನಾವಣೆಗೆ ನಿಂತಾಗ ನಾನೂ ಕರಪತ್ರ ಹಿಡಿದು ಹಿಂದೆ ಹೊರಟೆ. ಸಮಾಜಸೇವೆಯ ನೆಪದಲ್ಲಿ ಮೈ ಕರಗೀತು ಎಂಬ ದುರಾಸೆ.

ಆದರೆ ನೀವೇ ಹೇಳಿ, ಉತ್ತರ ಕರ್ನಾಟಕದವರ ಮನೆಗೆ ಹೋಗಿ ಹಾಗೇ ಎದ್ದು ಬರುವುದುಂಟೆ? ಒಂದು ಕಡೆ ಮಂಡಕ್ಕಿಯ ಸುಸಲಾ, ಇನ್ನೊಂದು ಕಡೆ ಶೇಂಗಾ ಹೋಳಿಗೆ. ಮೈಸೂರಿನ ನನ್ನ ಹೊಟ್ಟೆ ಮೂರನೇ ಮನೆಗೇ ಶರಣಾಗುತ್ತಿತ್ತು. ಕಾಕಾ ಎಲ್ಲರ ಸುಖದುಃಖ ವಿಚಾರಿಸುತ್ತಿದ್ದರು, ಉಣ್ಣುತ್ತಿದ್ದರು, ಎದ್ದು ಬರುತ್ತಿದ್ದರು. ವೋಟಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಇಂಗ್ಲಿಷರ ಮನೆಗಳಲ್ಲೂ ಇದೇ ಕಥೆ, ಹೋಳಿಗೆಯ ಬದಲು ಬಿಸ್ಕತ್ತು. ಯಾಕೆ ಕೇಳುವುದಿಲ್ಲ ಎಂದರೆ, "ಉಂಡ ಮನ್ಯಾಗ ಮತ್ತ ಬೇಡೋದೇನವಾ? ಪಲ್ಟಣದಾಗ ತನಗಂತ ಕೇಳಾಂವಗ ಮರ್ಯಾದಿ ಇರೂದಿಲ್ಲ" ಎನ್ನುತ್ತಿದ್ದರು.

ಸೋತರು. ಸೋಲಿಗಿಂತ ಹೆಚ್ಚು ನೋವು ಕೊಟ್ಟದ್ದು ಗಂಗಕ್ಕ. ಬೀದಿಯ ಕೊನೆಯಲ್ಲಿ ಮಗಳ ಜೊತೆಗಿದ್ದ ಈ ಧಾರವಾಡದ ಅಜ್ಜಿ, ತಾನು ಎದುರಾಳಿಗೆ ಹಾಕಿದೆನೆಂದು ಮುಖಕ್ಕೇ ಹೇಳಿದರು. "ಅಂವ ಬಂದು ಕೇಳಿದ, ಕೊಟ್ಟೆ. ನೀ ಉಂಡು ಹೋದಿ. ಬಾಯಿ ಬಿಟ್ಟು ಕೇಳದಾಂವಗ ನಾವು ಬೇಕಾಗೇ ಇಲ್ಲ ಅಂತ ತಿಳಕೊಂಡೆಪಾ."

ಮುಂದಿನ ಚುನಾವಣೆಗೆ ಕಾಕಾ ನನ್ನನ್ನು ಎದುರು ಕೂರಿಸಿಕೊಂಡು ವೋಟು ಕೇಳುವ ಅಭ್ಯಾಸ ಮಾಡಿದರು. ಗುಂಡಿನ ಸದ್ದಿಗೆ ಅಲುಗದ ಮನುಷ್ಯ 'ನನಗ' ಎನ್ನಲು ಬೆವರುವುದನ್ನು ನೋಡಿ ಮೊದಲು ನಕ್ಕೆ, ಆಮೇಲೆ ಅಯ್ಯೋ ಅನಿಸಿತು. ಕೊನೆಗೆ ಗಂಗಕ್ಕನ ಬಾಗಿಲಲ್ಲಿ ಅಟೆನ್ಷನ್‌ನಲ್ಲಿ ನಿಂತು ಕೇಳಿಯೇಬಿಟ್ಟರು. ಹೋಳಿಗೆಯೂ ಬಂತು, ವೋಟೂ ಬಂತು.

ಕೌನ್ಸಿಲರ್ ಆಗಿ ನಮ್ಮ ಪಾರ್ಕಿಂಗ್ ಜಗಳಗಳನ್ನೆಲ್ಲ ಬಗೆಹರಿಸಿದರು. ಮನೆಯೊಳಗೆ ಮಾತ್ರ ಮತ್ತದೇ ಮನುಷ್ಯ. ಹೆಂಡತಿ ತೀರಿಕೊಂಡಾಗಲೂ, ರಾಜಕೀಯ ಬಿಟ್ಟು ಒಂಟಿಯಾದ ಮೇಲೂ, ಏನಾದರೂ ಬೇಕೇ ಎಂದರೆ ಏನೂ ಬೇಡವೆಂಬ ಉತ್ತರ. ನನಗೆ ಅವರೆಂದರೆ ಪ್ರೀತಿ. ಆದ್ದರಿಂದಲೇ ಸಿಟ್ಟೂ ಬರುತ್ತದೆ.

ಆಫೀಸಿಗೆ ಹೊರಡುವ ಮೊದಲು ಅವರ ಮನೆಗೆ ಹೋದೆ. ಚಹಾ ಕೊಟ್ಟರು. ಬೆಳಗಿನ ಹುಡುಗಿಯ ಧೈರ್ಯದ ಬಗ್ಗೆ ಹೇಳಿದೆ, ನಕ್ಕರು. ಕ್ಯಾನರಿ ವಾರ್ಫ್‌ನ ಆಫೀಸು ತಲುಪಲು ತಡವಾಗುತ್ತದೆಂದು ಎದ್ದೆ. ಕಳಿಸಲು ಬಂದ ಕಾಕಾ ಚಿಲಕದ ಮೇಲೆ ಕೈಯಿಟ್ಟರು, ಬಾಗಿಲು ತೆರೆಯಲಿಲ್ಲ.

"ನಾಳೆ ಆಸ್ಪತ್ರ್ಯಾಗ ರಿಪೋರ್ಟ್ ಹೇಳ್ತಾರವಾ," ಎಂದರು. "ಒಬ್ಬಾಂವಗ ಹೋಗಾಕ ಅಂಜಿಕಿ... ನನಗ..."

ಬರುತ್ತೇನೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ತಡೆದುಕೊಂಡೆ. ಎಷ್ಟು ಹೊತ್ತಾದರೂ ಆಗಲಿ, ಅವರು ಪೂರ್ತಿ ಕೇಳಲಿ ಎಂದು ಕಾದೆ.